ಸಿಹಿ ಹೋದ ಮೇಲೆ ಹಣ್ಣಿನಲ್ಲಿ ಏನು ಉಳಿಯುತ್ತದೆ? ಬೇರೆ ಹಣ್ಣು ಬೆರೆಸಿದ ಸೈಡರ್ ಸವಿಯುವ ಬಗೆ

ಕೊಪ್ಪಳದಲ್ಲಿ ಯಾರ ಮುಂದಾದರೂ ಸೈಡರ್ ಅಂತ ಹೇಳಿ ನೋಡಿ. "ಅದೇ, ಬೆಳಗ್ಗೆ ಬಿಸಿನೀರಿಗೆ ಹಾಕಿ ಕುಡಿಯುತ್ತಾರಲ್ಲ, ತೂಕ ಇಳಿಯೋಕೆ?" ಅನ್ನುತ್ತಾರೆ. ಅದು ಆಪಲ್ ಸೈಡರ್ ವಿನೆಗರ್. ಇದಕ್ಕೂ ಅದಕ್ಕೂ ನಂಟಿದೆ, ಆದರೆ ಅದು ಒಂದು ಹೆಜ್ಜೆ ಆಚೆಯದು. ಸೇಬಿನ ರಸದ ಸಕ್ಕರೆಯನ್ನು ಈಸ್ಟ್ ತಿಂದು ಆಲ್ಕೋಹಾಲ್ ಮಾಡಿದರೆ ಅದು ಸೈಡರ್. ಆ ಸೈಡರ್‌ಗೆ ಗಾಳಿ ತಗುಲಿ, ಬ್ಯಾಕ್ಟೀರಿಯಾ ಸೇರಿಕೊಂಡು ಆಲ್ಕೋಹಾಲನ್ನೂ ಹುಳಿ ಮಾಡಿದರೆ ವಿನೆಗರ್. ನಾನು ಹೇಳಲು ಹೊರಟಿರುವುದು ಮೊದಲನೆಯದರ ಬಗ್ಗೆ. ಅಮೆರಿಕದಲ್ಲಿ ಸೈಡರ್ ಅಂದರೆ ಸೋಸದ ಸೇಬಿನ ರಸ, ಹಾಗಾಗಿ ಮದ್ಯಕ್ಕೆ ಹಾರ್ಡ್ ಸೈಡರ್ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಸೈಡರ್ ಅಂದರೇನೇ ಮದ್ಯ. ಸಾಮಾನ್ಯವಾಗಿ ಶೇ. 4ರಿಂದ 8ರಷ್ಟು ಆಲ್ಕೋಹಾಲ್ ಇರುತ್ತದೆ. ಅಂದರೆ ಬಿಯರ್‌ನ ಆಸುಪಾಸು, ಕೆಲವೊಮ್ಮೆ ಸ್ವಲ್ಪ ಜಾಸ್ತಿ.

ನಮ್ಮ ಕಡೆಯ ಬಾರ್‌ಗಳಲ್ಲಿ ಇದನ್ನು ಕೇಳಿದರೆ ಮುಖ ನೋಡುತ್ತಾರೆ. ಬೆಂಗಳೂರಿನ ಪಬ್‌ಗಳಲ್ಲಿ ಸೇಬಿನ ಸೈಡರ್ ಸಿಗುತ್ತದೆ. ಬೇರೆ ಹಣ್ಣು ಬೆರೆಸಿದ ಚಿಕ್ಕ ತಯಾರಕರ ಸೈಡರ್ ನಮ್ಮೂರಿಗೆ ಬರುವುದು ಹೆಚ್ಚಾಗಿ ಸೂಟ್‌ಕೇಸಿನಲ್ಲಿ. ವಿದೇಶದಿಂದ ಬರುವವರು ಸುಂಕ ಕಟ್ಟದೆ 2 ಲೀಟರ್ ಮದ್ಯ ತರಬಹುದು. 330 ಮಿಲಿಲೀಟರ್‌ನ ಆರು ಕ್ಯಾನ್ ಅಂದರೆ 1.98 ಲೀಟರ್. ಅಳತೆ ಹಾಕಿ ಮಾಡಿದ ಹಾಗೆ! ಒಂದರ ಮೇಲೆ ದಾಳಿಂಬೆ ಚಿತ್ರ, ಇನ್ನೊಂದರ ಮೇಲೆ ಮಾವು, ಮತ್ತೊಂದರ ಮೇಲೆ ಚೆರ್ರಿ. ಎಲ್ಲರೂ ಆಸೆಯಿಂದ ದಾಳಿಂಬೆಯದ್ದನ್ನೇ ಮೊದಲು ತೆಗೆಯುತ್ತಾರೆ. ಒಂದು ಗುಟುಕು ಕುಡಿದು, "ಇದರಲ್ಲಿ ದಾಳಿಂಬೆ ಎಲ್ಲಿದೆ? ಬರೀ ಹುಳಿ" ಅಂತ ಕೆಳಗಿಡುತ್ತಾರೆ.

ದಾಳಿಂಬೆ ಅದರಲ್ಲೇ ಇರುತ್ತದೆ. ನಾವು ಹುಡುಕುತ್ತಿರುವುದು ಅದರ ಸಿಹಿಯನ್ನು. ಅದನ್ನು ಈಸ್ಟ್ ಆಗಲೇ ತಿಂದು ಮುಗಿಸಿದೆ.

ಸಕ್ಕರೆಯ ಲೆಕ್ಕ

ಈಚಲು ಮರದ ನೀರಾ ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಸುಕಿನಲ್ಲಿ ಇಳಿಸಿದಾಗ ಸಕ್ಕರೆ ನೀರಿನಷ್ಟು ಸಿಹಿ. ಬಿಸಿಲೇರಿದ ಹಾಗೆ ನೊರೆ ಬಂದು, ಹುಳಿ ಹತ್ತಿ, ಮಧ್ಯಾಹ್ನದ ಹೊತ್ತಿಗೆ ಸೇಂದಿ. ಸಿಹಿ ಎಲ್ಲಿಗೂ ಹಾರಿ ಹೋಗಲಿಲ್ಲ, ಆಲ್ಕೋಹಾಲ್ ಮತ್ತು ಗ್ಯಾಸ್ ಆಯಿತು. ಸೈಡರ್‌ನಲ್ಲೂ ಇದೇ ಕೆಲಸ ನಡೆಯುತ್ತದೆ. ಆದರೆ ತಂಪಿನಲ್ಲಿ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ.

ಲೆಕ್ಕ ಸರಳ. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಆಲ್ಕೋಹಾಲ್ ಬರುತ್ತದೆ. ಸೇಬಿನ ರಸದಲ್ಲಿ ಲೀಟರ್‌ಗೆ 120 ಗ್ರಾಂ ಸಕ್ಕರೆ ಇದೆ ಅಂದುಕೊಳ್ಳಿ. ಪೂರ್ತಿ ಹುದುಗಿದರೆ ಶೇ. 7ರ ಸೈಡರ್. ಆಗ ಸಿಹಿ ಬಹುಪಾಲು ಸೊನ್ನೆ. ಇದಕ್ಕೆ ಡ್ರೈ ಅನ್ನುತ್ತಾರೆ.

ಹಾಗಾದರೆ ಉಳಿಯುವುದು ಏನು? ಹುಳಿ ಉಳಿಯುತ್ತದೆ. ಒಗರು ಉಳಿಯುತ್ತದೆ. ಬಣ್ಣ ಒಂದಿಷ್ಟು ಉಳಿಯುತ್ತದೆ. ಘಮ ಸ್ವಲ್ಪ ಉಳಿದು, ಸ್ವಲ್ಪ ಹಾರಿ, ಸ್ವಲ್ಪ ಬೇರೆಯದೇ ಆಗಿ ಬದಲಾಗುತ್ತದೆ. ಹಣ್ಣು ಬೆರೆಸಿದ ಸೈಡರ್ ಸವಿಯುವುದು ಅಂದರೆ ಈ ನಾಲ್ಕನ್ನು ಗುರುತು ಹಿಡಿಯುವುದು. ಸಿಹಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಾಟಲಿಯಲ್ಲಿ ಸಿಹಿ ಇದ್ದರೆ ಅದು ಒಂದೋ ಹುದುಗುವುದನ್ನು ನಡುವೆ ನಿಲ್ಲಿಸಿದ್ದರಿಂದ, ಇಲ್ಲವೇ ಕೊನೆಗೆ ರಸ ಅಥವಾ ಸಕ್ಕರೆ ಬೆರೆಸಿದ್ದರಿಂದ.

ಮೊದಲು ಸೇಬು

ಹಣ್ಣು ಬೆರೆಸಿದ ಸೈಡರ್ ಅರ್ಥವಾಗಬೇಕಾದರೆ ಸೇಬು ಅರ್ಥವಾಗಬೇಕು. ನಮ್ಮಲ್ಲಿ ಸೇಬು ಅಂದರೆ ಕಾಶ್ಮೀರ, ಹಿಮಾಚಲದಿಂದ ಲಾರಿಯಲ್ಲಿ ಬರುವ ಕೆಂಪು ಡೆಲಿಶಿಯಸ್ ಹಣ್ಣು. ಒಂದು ಹೋಳು ಬಾಯಿಗೆ ಹಾಕಿ, ಬೇಗ ನುಂಗದೆ ಅಗಿಯಿರಿ. ಸಿಹಿ ಇದೆ. ಹುಳಿ ಹುಡುಕಿದರೆ ಅಷ್ಟಿಷ್ಟು. ಒಗರು ಇಲ್ಲವೇ ಇಲ್ಲ. ಈಗ ಈ ಹಣ್ಣಿನಿಂದ ಸಿಹಿ ತೆಗೆದುಬಿಟ್ಟರೆ? ಬಹುತೇಕ ನೀರು. ಇಂಥ ಸೇಬಿನಿಂದ ಮಾಡಿದ ಸೈಡರ್ ಬಾಯಿಗೆ ತೆಳ್ಳಗೆ ಹತ್ತುತ್ತದೆ.

ಅದಕ್ಕೇ ಸೈಡರ್ ದೇಶಗಳಲ್ಲಿ ಸೈಡರ್‌ಗೆಂದೇ ಬೇರೆ ತಳಿಯ ಸೇಬು ಬೆಳೆಯುತ್ತಾರೆ. ಅವನ್ನು ಕಚ್ಚಿ ತಿನ್ನಲು ಆಗುವುದಿಲ್ಲ, ಮುಖ ಕಿವುಚಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ಲಾಂಗ್ ಆಷ್ಟನ್ ಅಂತ ಒಂದು ಸಂಶೋಧನಾ ಕೇಂದ್ರವಿತ್ತು, 1903ರಲ್ಲಿ ಶುರುವಾದದ್ದು. ಅಲ್ಲಿಂದ ಬಂದ ವಿಂಗಡಣೆ ಇವತ್ತಿಗೂ ಬಳಕೆಯಲ್ಲಿದೆ. ಎರಡೇ ಪ್ರಶ್ನೆ: ರಸದಲ್ಲಿ ಹುಳಿ ಶೇ. 0.45ಕ್ಕಿಂತ ಹೆಚ್ಚೋ ಕಡಿಮೆಯೋ? ಒಗರು ಕೊಡುವ ಟ್ಯಾನಿನ್ ಶೇ. 0.2ಕ್ಕಿಂತ ಹೆಚ್ಚೋ ಕಡಿಮೆಯೋ? ಎರಡೂ ಕಡಿಮೆ ಇದ್ದರೆ ಸಿಹಿ ಸೇಬು. ಹುಳಿ ಮಾತ್ರ ಹೆಚ್ಚಿದ್ದರೆ ಹುಳಿ ಸೇಬು. ಒಗರು ಮಾತ್ರ ಹೆಚ್ಚಿದ್ದರೆ ಬಿಟರ್‌ಸ್ವೀಟ್, ಡಾಬಿನೆಟ್ ಅನ್ನುವ ತಳಿ ಇದಕ್ಕೆ ಹೆಸರುವಾಸಿ. ಎರಡೂ ಹೆಚ್ಚಿದ್ದರೆ ಬಿಟರ್‌ಶಾರ್ಪ್, ಕಿಂಗ್‌ಸ್ಟನ್ ಬ್ಲ್ಯಾಕ್ ಆ ಗುಂಪಿನದು. ಒಳ್ಳೆಯ ಸೈಡರ್ ಬಹುಪಾಲು ಈ ನಾಲ್ಕರ ಬೆರಕೆ. ಸೇಬಿಗೆ ಸೇಬು ಬೆರೆಸುವುದೇ ಮೊದಲ ಬ್ಲೆಂಡ್ ಅನ್ನುವುದನ್ನು ತುಂಬ ಜನ ಮರೆಯುತ್ತಾರೆ.

ಇಲ್ಲಿಂದಲೇ ಬೇರೆ ಹಣ್ಣಿನ ಕಥೆಯೂ ಶುರು. ಎಲ್ಲ ಕಡೆ ಕಿಂಗ್‌ಸ್ಟನ್ ಬ್ಲ್ಯಾಕ್ ಸಿಗುವುದಿಲ್ಲ. ಅಮೆರಿಕದಲ್ಲಂತೂ 1920ರಿಂದ 1933ರವರೆಗಿನ ಪಾನನಿಷೇಧದ ಹೊಡೆತಕ್ಕೆ ಸೈಡರ್ ಪದ್ಧತಿಯೇ ಬಡವಾಯಿತು. ಆಮೇಲೆ ಚಿಕ್ಕ ತಯಾರಕರು ಮತ್ತೆ ಶುರು ಮಾಡಿದಾಗ ಧಾರಾಳವಾಗಿ ಸಿಗುತ್ತಿದ್ದದ್ದು ತಿನ್ನುವ ಸೇಬು. ಅದರಲ್ಲಿ ಇಲ್ಲದ ಹುಳಿಯನ್ನು, ಒಗರನ್ನು, ಬಣ್ಣವನ್ನು ಬೇರೆ ಹಣ್ಣಿನಿಂದ ತರಬಹುದಲ್ವಾ? ಫ್ಯಾಷನ್‌ಗಾಗಿ ಬೆರೆಸುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಚೆನ್ನಾಗಿ ಬೆರೆಸುವವರು ಸೇಬಿನಲ್ಲಿ ಏನು ಕೊರತೆ ಇದೆ ಅಂತ ಮೊದಲು ನೋಡುತ್ತಾರೆ, ಆಮೇಲೆ ಹಣ್ಣು ಆರಿಸುತ್ತಾರೆ.

ಹುಳಿ ಬೇರೆ, ಒಗರು ಬೇರೆ

ಸವಿಯಲು ಕೂತವರು ಹೆಚ್ಚು ತಡವರಿಸುವುದು ಇಲ್ಲಿ. ಹುಳಿ, ಒಗರು, ಕಹಿ ಮೂರನ್ನೂ ಸೇರಿಸಿ "ಒಂಥರಾ ಇದೆ" ಅಂದುಬಿಡುತ್ತಾರೆ. ಬಾಟಲಿ ತೆರೆಯುವ ಮೊದಲು ಒಂದು ತಟ್ಟೆಯಲ್ಲಿ ಒಂದಿಷ್ಟು ಹುಣಸೆಹಣ್ಣು ಇಡಿ. ನೇರಳೆ ಕಾಲವಾದರೆ ನಾಲ್ಕು ನೇರಳೆ ಹಣ್ಣು, ಇಲ್ಲದಿದ್ದರೆ ಬಾಳೆಕಾಯಿಯ ಒಂದು ಹಸಿ ಚೂರು. ಪಕ್ಕಕ್ಕೆ ದಾಳಿಂಬೆ ಸಿಪ್ಪೆಯ ಒಳಗಿನ ಬಿಳಿ ಭಾಗ, ಉಗುರಿನಷ್ಟು ಸಾಕು.

ಹುಣಸೆ ಬಾಯಿಗಿಟ್ಟರೆ ಕಿವಿಯ ಕೆಳಗೆ, ದವಡೆ ಮೂಲೆಯಲ್ಲಿ ಜುಮ್ ಅಂದು ಜೊಲ್ಲು ಕಿತ್ತುಕೊಂಡು ಬರುತ್ತದೆ. ಅದು ಹುಳಿ. ನೇರಳೆ ತಿಂದರೆ ಜೊಲ್ಲು ಬರುವುದರ ಬದಲು ಬಾಯಿ ಒಣಗುತ್ತದೆ, ನಾಲಿಗೆ ಅಂಗುಳಕ್ಕೆ ಅಂಟಿದ ಹಾಗಾಗುತ್ತದೆ. ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುವ ಗುಣ ಕಿತ್ತುಹಾಕುತ್ತದೆ. ಅದು ಒಗರು. ದಾಳಿಂಬೆ ಸಿಪ್ಪೆಯಲ್ಲಿ ಒಗರಿನ ಜೊತೆಗೆ ಕಹಿಯೂ ಇದೆ, ನಾಲಿಗೆಯ ಹಿಂಭಾಗದಲ್ಲಿ ತುಂಬ ಹೊತ್ತು ಉಳಿಯುತ್ತದೆ. ಈ ಮೂರೂ ನೆನಪಿದ್ದರೆ ಸಾಕು, ಯಾವ ಸೈಡರ್ ಕೊಟ್ಟರೂ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮ ಗೆಳೆಯರ ಗುಂಪಿನಲ್ಲಿ ಕುಷ್ಟಗಿ ಕಡೆಯ ದಾಳಿಂಬೆ ಬೆಳೆಗಾರರೊಬ್ಬರಿದ್ದಾರೆ. ವೈನು, ಸೈಡರ್ ಯಾವುದೂ ಅವರಿಗೆ ರೂಢಿ ಇಲ್ಲ. ಮಾಳಿಗೆ ಮೇಲೆ ಕೂತು ದಾಳಿಂಬೆ ಸೈಡರ್ ಹಂಚಿಕೊಂಡಾಗ ಉಳಿದವರೆಲ್ಲ ಕ್ಯಾನ್ ಮೇಲಿನ ಇಂಗ್ಲಿಷ್ ಓದುತ್ತಿದ್ದೆವು. ಅವರು ಗುಟುಕು ನುಂಗಿ, ಸ್ವಲ್ಪ ಹೊತ್ತು ಸುಮ್ನೆ ಕೂತು, "ಸಿಪ್ಪಿ ಸಮೇತ ಹಿಂಡ್ಯಾರ" ಅಂದರು. ಅಷ್ಟೇ. ಆಮೇಲೆ ನಮಗೂ ಗೊತ್ತಾಯಿತು, ಆ ಕೊನೆಯ ಕಹಿ ಸಿಪ್ಪೆಯದೇ. ಹಣ್ಣು ಗೊತ್ತಿರುವವರಿಗೆ ಸೈಡರ್ ಭಾಷೆ ಬೇರೆ ಕಲಿಯಬೇಕಿಲ್ಲ.

ಹಣ್ಣು ಹಣ್ಣಿಗೂ ಬೇರೆ ಕೆಲಸ

ದಾಳಿಂಬೆಯನ್ನೇ ಇನ್ನಷ್ಟು ನೋಡೋಣ, ಕೊಪ್ಪಳದವರಿಗೆ ಅದು ಮನೆಯ ಹಣ್ಣು. ನಮ್ಮಲ್ಲಿ ಜಾಸ್ತಿ ಬೆಳೆಯುವ ಭಗವಾ ತಳಿಯಲ್ಲಿ ಸಿಹಿ ಮುಂದೆ, ಹುಳಿ ಹಿಂದೆ. ತಿನ್ನಲು ಅದೇ ಚೆನ್ನ. ಆದರೆ ಸಿಹಿಯೇ ದೊಡ್ಡ ಬಂಡವಾಳವಾದ ಹಣ್ಣು ಈಸ್ಟ್ ಕೈಗೆ ಸಿಕ್ಕರೆ ಬಡವಾಗುತ್ತದೆ. ಬರೀ ಕಾಳಿನ ರಸ ಹಾಕಿದರೆ ಬಣ್ಣ ಬರುತ್ತದೆ, ಸ್ವಲ್ಪ ಹುಳಿ ಬರುತ್ತದೆ, ಘಮ ಅಷ್ಟಕ್ಕಷ್ಟೇ. ದಾಳಿಂಬೆಗೆ ಮೊದಲಿನಿಂದಲೂ ಜೋರು ವಾಸನೆ ಇಲ್ಲ, ಬಿಡಿಸುವಾಗ ಮೂಸಿ ನೋಡಿ. ಅದರ ನಿಜವಾದ ಬಲ ಇರುವುದು ಸಿಪ್ಪೆಯ ಟ್ಯಾನಿನ್‌ನಲ್ಲಿ. ಇಡೀ ಹಣ್ಣು ಒತ್ತಿದರೆ ಆ ಒಗರು ರಸಕ್ಕೆ ಇಳಿಯುತ್ತದೆ. ಹದವಾಗಿ ಇಳಿದರೆ ತೆಳ್ಳನೆಯ ಸೇಬಿನ ಸೈಡರ್‌ಗೆ ಗಟ್ಟಿತನ ಬರುತ್ತದೆ. ಕೈ ಜಾರಿದರೆ ಔಷಧಿ.

ಬಣ್ಣದ ಬಗ್ಗೆ ಒಂದು ಗುಟ್ಟು. ದಾಳಿಂಬೆಯ ಕೆಂಪು ಗಟ್ಟಿ ಬಣ್ಣವಲ್ಲ. ಗಾಳಿ, ಶಾಖ, ದಿನಗಳು ಸೇರಿ ಅದನ್ನು ಕಂದು ಕಡೆಗೆ ಎಳೆಯುತ್ತವೆ. ಬರೀ ದಾಳಿಂಬೆ ಹಾಕಿ ತಿಂಗಳುಗಟ್ಟಲೆ ಇಟ್ಟ ಸೈಡರ್ ಸ್ವಲ್ಪ ಮಂಕಾದರೆ ಅದು ಸಹಜ. ವರ್ಷ ಕಳೆದರೂ ಲಿಪ್‌ಸ್ಟಿಕ್ ಹಾಗೆ ಹೊಳೆಯುತ್ತಿದ್ದರೆ ಡಬ್ಬಿಯ ಹಿಂದಿನ ಸಾಲು ಓದಿ, ಬೇರೆ ಬಣ್ಣ ಸೇರಿರುವ ಸಾಧ್ಯತೆ ಹೆಚ್ಚು.

ಮಾವು ಇನ್ನೂ ವಿಚಿತ್ರ. ಕೊಪ್ಪಳದ ಕೇಸರ್ ಹಣ್ಣನ್ನು ಕೈಯಲ್ಲಿ ಹಿಡಿದರೆ ಕೋಣೆಯೆಲ್ಲ ಘಮ. ಅದೇ ಘಮ ಸೈಡರ್‌ಗೂ ಬರುತ್ತದೆ ಅಂತ ನಾವು ಕಾಯುತ್ತೇವೆ. ಮಾವಿನ ವಾಸನೆಯಲ್ಲಿ ಟರ್ಪೀನ್ ಅನ್ನುವ ಗುಂಪಿನ ಪದಾರ್ಥಗಳು ತುಂಬ ಇವೆ. ದೇವದಾರು ಮರದ ಅಂಟಿನಲ್ಲಿ ಇರುವುದೂ ಇದೇ ಗುಂಪು. ಹಣ್ಣಿನಲ್ಲಿ ಇವನ್ನು ಸಕ್ಕರೆ ಮುಚ್ಚಿ ಹಿಡಿದಿರುತ್ತದೆ, ಹಾಗಾಗಿ ನಮಗೆ ಒಟ್ಟಾಗಿ "ಮಾವು" ಅನ್ನಿಸುತ್ತದೆ. ಸಕ್ಕರೆ ಹೋದ ಮೇಲೆ ಇವೇ ಮುಂದೆ ಬಂದು ನಿಲ್ಲುತ್ತವೆ. ಪೂರ್ತಿ ಡ್ರೈ ಮಾವಿನ ಸೈಡರ್‌ನಲ್ಲಿ ಕಾಯಿ ಕೀಳುವಾಗ ತೊಟ್ಟಿನಿಂದ ಚಿಮ್ಮುವ ಸೊನೆಯ ನೆನಪಾಗುತ್ತದೆ. ಕೆಲವರಿಗೆ ಅದು ದೋಷ. ನನಗೆ ಇಷ್ಟ. ಮಾವಿನ ಸೈಡರ್ ಮಾಡುವವರಲ್ಲಿ ಬಹಳ ಜನ ಕೊನೆಗೆ ಒಂದಿಷ್ಟು ಸಿಹಿ ಉಳಿಸುವುದು ಇದಕ್ಕೇ. ಸಿಹಿ ಇದ್ದರೇನೇ ನಮ್ಮ ಮಿದುಳು ಅದನ್ನು ಮಾವು ಅಂತ ಒಪ್ಪುವುದು.

ನೇರಳೆಯಲ್ಲಿ ಹುಳಿಯೂ ಇದೆ, ಒಗರೂ ಇದೆ, ಬಣ್ಣವೂ ಇದೆ. ಅದರ ಮುಖ್ಯ ಹುಳಿ ಮ್ಯಾಲಿಕ್ ಆಮ್ಲ, ಸೇಬಿನದೂ ಅದೇ. ನನ್ನ ಲೆಕ್ಕದಲ್ಲಿ ತಿನ್ನುವ ಸೇಬಿನ ಜೊತೆ ಚೆನ್ನಾಗಿ ಹೊಂದಬೇಕಾದ ನಮ್ಮ ಹಣ್ಣು ಇದು. ಬಳ್ಳಾರಿಯ ಅಂಜೂರ ಇದಕ್ಕೆ ಉಲ್ಟಾ: ಹುಳಿ ಕಡಿಮೆ, ಒಗರು ಕಡಿಮೆ, ಸಿಹಿಯೇ ಎಲ್ಲ. ಹುದುಗಿದ ಮೇಲೆ ಅದರ ಗುರುತು ಸಿಗುವುದು ಕಷ್ಟ. ಒಣಗಿಸಿದ ಅಂಜೂರಕ್ಕೆ ಮಾತ್ರ ಬೆಲ್ಲದಂಥ ಗಾಢ ವಾಸನೆ ಇದೆ, ಅದು ಒಂದಷ್ಟು ಉಳಿದೀತು.

ಹೊರದೇಶದ ಬಾಟಲಿಗಳಲ್ಲಿ ಹೆಚ್ಚು ಕಾಣುವುದು ಚೆರ್ರಿ, ಬ್ಲ್ಯಾಕ್‌ಕರಂಟ್, ರಾಸ್ಪ್‌ಬೆರಿ. ಚೆರ್ರಿಯಲ್ಲಿ ಬಾದಾಮಿ ಎಸೆನ್ಸ್ ಹೋಲುವ ವಾಸನೆ ಬಂದರೆ ಗಾಬರಿ ಬೇಡ. ಬೀಜದಿಂದ ಬರುವ ಬೆಂಜಾಲ್ಡಿಹೈಡ್ ಅದು, ಬಾದಾಮಿ ಎಸೆನ್ಸ್‌ನಲ್ಲೂ ಅದೇ ಇರುವುದು. ಬ್ಲ್ಯಾಕ್‌ಕರಂಟ್ ಮತ್ತು ರಾಸ್ಪ್‌ಬೆರಿ ಎರಡೂ ಹುಳಿ ಜೋರಾದ ಹಣ್ಣು, ಸಿಹಿ ಹೋದರೂ ತಮ್ಮ ಗುರುತು ಬಿಡುವುದಿಲ್ಲ.

ಯಾವಾಗ ಬೆರೆಸಿದರು?

ಒಂದೇ ಹಣ್ಣು, ಒಂದೇ ಸೇಬು. ಆದರೂ ಎರಡು ಸೈಡರ್ ಹಗಲು ರಾತ್ರಿಯಷ್ಟು ಬೇರೆ ಇರಬಹುದು. ಕಾರಣ, ಹಣ್ಣು ಬೆರೆಸಿದ ಹೊತ್ತು.

ಮೊದಲ ದಿನವೇ ಸೇಬಿನ ರಸದ ಜೊತೆ ಬೆರೆಸಿ ಒಟ್ಟಿಗೆ ಹುದುಗಿಸಿದರೆ ಎರಡೂ ಒಂದಾಗಿಬಿಡುತ್ತವೆ. ಎಲ್ಲಿ ಸೇಬು ಮುಗಿಯಿತು, ಎಲ್ಲಿ ದಾಳಿಂಬೆ ಶುರುವಾಯಿತು ಹೇಳಲಾಗದು. ಕುಡಿದರೆ ವೈನ್ ಕಡೆಗೆ ವಾಲುತ್ತದೆ. ಆದರೆ ಹುದುಗುವಾಗ ಏಳುವ ಗ್ಯಾಸ್ ಹಣ್ಣಿನ ಹಗುರ ಘಮವನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ಸೈಡರ್ ಮಾಡುವ ಕೋಣೆ ಘಮಘಮ ಅನ್ನುತ್ತಿದ್ದರೆ ಅಷ್ಟು ಘಮ ಪೀಪಾಯಿಂದ ಹೊರಗೆ ಬಂತು ಅಂತಲೇ ಅರ್ಥ.

ಅದಕ್ಕೆ ಕೆಲವರು ಸೇಬಿನ ಸೈಡರ್ ಬಹುಪಾಲು ಮುಗಿದ ಮೇಲೆ ಹಣ್ಣು ಹಾಕುತ್ತಾರೆ. ಹಣ್ಣಿನ ಸಕ್ಕರೆಯಿಂದ ಮತ್ತೆ ಸ್ವಲ್ಪ ಹುದುಗುತ್ತದೆ, ಆದರೆ ನಿಧಾನಕ್ಕೆ. ಘಮ ಜಾಸ್ತಿ ಉಳಿಯುತ್ತದೆ. ನನ್ನ ಮಟ್ಟಿಗೆ ಒಳ್ಳೆಯ ಹಣ್ಣಿನ ಸೈಡರ್‌ಗಳಲ್ಲಿ ಹೆಚ್ಚಿನವು ಈ ದಾರಿಯವು.

ಮೂರನೆಯದು, ಎಲ್ಲ ಮುಗಿದ ಮೇಲೆ ತಾಜಾ ರಸ ಬೆರೆಸಿ, ಮತ್ತೆ ಹುದುಗದ ಹಾಗೆ ಸೋಸಿ ಅಥವಾ ಬಿಸಿ ಮಾಡಿ ತುಂಬುವುದು. ಇದರಲ್ಲಿ ಹಣ್ಣು ಹಣ್ಣಾಗಿಯೇ ಇರುತ್ತದೆ, ಸಿಹಿಯ ಸಮೇತ. ಆಲ್ಕೋಹಾಲ್ ಸ್ವಲ್ಪ ಇಳಿಯುತ್ತದೆ. ಶೇ. 6.5ರ 900 ಮಿಲಿಲೀಟರ್ ಸೈಡರ್‌ಗೆ 100 ಮಿಲಿಲೀಟರ್ ರಸ ಸೇರಿಸಿದರೆ ಅದು ಶೇ. 5.85. ಹೊಸಬರಿಗೆ ಇದೇ ಹೆಚ್ಚು ಹಿಡಿಸುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಸ್ಟ್ರಾಬೆರಿ, ನಿಂಬೆ ಹಾಕಿದ ಸಿಹಿ ಸೈಡರ್‌ಗಳು ಲೋಕವೆಲ್ಲ ಓಡುತ್ತಿರುವುದು ಸುಮ್ನೆ ಅಲ್ಲ. ನನಗೆ ಮಾತ್ರ ಅರ್ಧ ಗ್ಲಾಸ್ ಆದ ಮೇಲೆ ಸೋಡಾ ಕುಡಿದ ಹಾಗಾಗುತ್ತದೆ.

ಕೊನೆಯದು ಎಸೆನ್ಸ್. ಇದನ್ನು ಹಿಡಿಯಲು ಮೂಗು ಮುಚ್ಚಿಕೊಳ್ಳಿ. ನಿಜವಾಗಿ. ಮೂಗು ಹಿಡಿದು ಒಂದು ಗುಟುಕು ಬಾಯಿಗೆ ಹಾಕಿ. ಆಗ ಗೊತ್ತಾಗುವುದು ನಾಲಿಗೆಯ ರುಚಿ ಮಾತ್ರ: ಹುಳಿ, ಸಿಹಿ, ಕಹಿ, ಜೊತೆಗೆ ಒಗರಿನ ಹಿಡಿತ. ಹಣ್ಣು ಹಾಕಿದ್ದರೆ ಇಲ್ಲೇ ಅದರ ಹುಳಿ, ಒಗರು ಸಿಗುತ್ತವೆ. ಈಗ ನುಂಗಿ ಮೂಗು ಬಿಡಿ. ಗಂಟಲ ಹಿಂದಿನಿಂದ ಘಮ ಮೂಗಿಗೆ ಏರುತ್ತದೆ. ಮೂಗು ಮುಚ್ಚಿದಾಗ ಬರೀ ಸಿಹಿ ನೀರು, ಬಿಟ್ಟ ಕೂಡಲೇ ಜಾತ್ರೆ ಆದರೆ, ಅದು ಹಣ್ಣಿಗಿಂತ ಶೀಶೆಯ ಕೆಲಸ ಅನ್ನಬಹುದು.

ಗ್ಲಾಸ್, ತಂಪು, ಸರದಿ

ಇಂಗ್ಲಿಷ್ ಪುಸ್ತಕಗಳಲ್ಲಿ ಸೈಡರನ್ನು ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ ಅಂತ ಇರುತ್ತದೆ. ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಇದನ್ನು ಅಕ್ಷರಶಃ ಮಾಡಬೇಡಿ. ನಮ್ಮ ಕೋಣೆಯ ಶಾಖ ಅವರು ಕನಸಲ್ಲೂ ಕಂಡಿಲ್ಲ. ಬೇಕಿರುವುದು 8ರಿಂದ 12 ಡಿಗ್ರಿ. ಫ್ರಿಜ್‌ನ 4 ಡಿಗ್ರಿಯಲ್ಲಿ ಘಮ ಏಳುವುದಿಲ್ಲ, ಸಿಹಿ ಮಂಕಾಗುತ್ತದೆ, ಒಗರು ಕಹಿ ಮಾತ್ರ ಚುಚ್ಚುತ್ತವೆ. ಬೇಸಿಗೆಯಲ್ಲಿ ಗ್ಲಾಸಿಗೆ ಸ್ವಲ್ಪವೇ ಬಗ್ಗಿಸಿ ಬಾಟಲಿಯನ್ನು ವಾಪಸ್ ಫ್ರಿಜ್‌ಗೆ ಇಡಿ. ಗ್ಲಾಸಿನದ್ದು ತಾನಾಗಿಯೇ ಹದಕ್ಕೆ ಬರುತ್ತದೆ. ಮೊದಲ ಗುಟುಕಿಗೂ ಕೊನೆಯ ಗುಟುಕಿಗೂ ಎಷ್ಟು ಬದಲಾಯಿತು ಅಂತ ಗಮನಿಸಿ. ತಂಪಿದ್ದಾಗ ಚೆನ್ನಾಗಿದ್ದು, ಬಿಸಿಯಾದ ಕೂಡಲೇ ಬರೀ ಸಿಹಿ ಆಗುವ ಸೈಡರ್‌ಗಳಿವೆ. ಬಿಸಿಯಾದ ಹಾಗೆ ಅರಳುವವೂ ಇವೆ.

ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ವೈನ್ ಗ್ಲಾಸ್ ಇದ್ದರೆ ಸರಿ. ಇಲ್ಲದಿದ್ದರೆ ಚಹಾ ಅಂಗಡಿಯ ಗಾಜಿನ ಗ್ಲಾಸ್ ಸಾಕು, ಅರ್ಧದಷ್ಟೇ ತುಂಬಿಸಿ. ಒಬ್ಬರಿಗೆ 50–60 ಮಿಲಿಲೀಟರ್ ಆದರೆ ಒಂದು ಕ್ಯಾನ್‌ನಲ್ಲಿ ಐದಾರು ಜನ ಸವಿಯಬಹುದು. ಸ್ಪೇನಿನ ಆಸ್ಟೂರಿಯಸ್‌ನಲ್ಲಿ ಬಾಟಲಿಯನ್ನು ತಲೆಯ ಮೇಲೆತ್ತಿ, ಗ್ಲಾಸನ್ನು ಸೊಂಟದ ಕೆಳಗೆ ಹಿಡಿದು, ಅಷ್ಟು ಎತ್ತರದಿಂದ ಒಂದೆರಡು ಗುಟುಕಿನಷ್ಟು ಸುರಿದು ಕೂಡಲೇ ಕುಡಿಯುತ್ತಾರೆ. ಅಲ್ಲಿನ ಸೈಡರ್‌ನಲ್ಲಿ ಗ್ಯಾಸ್ ಕಡಿಮೆ, ಬಿದ್ದ ಹೊಡೆತಕ್ಕೆ ನೊರೆಯೆದ್ದು ಘಮ ಬರುತ್ತದೆ. ಆಸ್ಟೂರಿಯಸ್‌ನ ಈ ಸೈಡರ್ ಸಂಸ್ಕೃತಿಯನ್ನು 2024ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು. ಕ್ಯಾನ್‌ನ ಗ್ಯಾಸ್ ತುಂಬಿದ ಸೈಡರ್‌ಗೆ ಈ ಸಾಹಸ ಬೇಡ, ನೆಲ ಒರೆಸಬೇಕಾಗುತ್ತದೆ.

ಸರದಿ ಮುಖ್ಯ. ಬರೀ ಸೇಬಿನ ಒಂದು ಸೈಡರ್ ಇದ್ದರೆ ಅದೇ ಮೊದಲು. ಅದರ ರುಚಿ ನಾಲಿಗೆಯಲ್ಲಿ ಕೂತರೆ, ಮುಂದಿನದರಲ್ಲಿ ಬೇರೆ ಹಣ್ಣು ಏನು ಸೇರಿಸಿತು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಆಮೇಲೆ ಡ್ರೈಯಿಂದ ಸಿಹಿಯ ಕಡೆಗೆ ಹೋಗಿ. ಸಿಹಿಯದ್ದು ಮೊದಲು ಕುಡಿದರೆ ಹಿಂದೆ ಬರುವ ಡ್ರೈ ಸೈಡರ್ ವಿನೆಗರ್ ಅನ್ನಿಸುತ್ತದೆ, ಅದರ ತಪ್ಪಿಲ್ಲದಿದ್ದರೂ. ನಡುನಡುವೆ ನೀರು ಮತ್ತು ಒಗ್ಗರಣೆ ಹಾಕದ ಒಣ ಮಂಡಕ್ಕಿ. ಹೊರದೇಶದವರು ಇದಕ್ಕೆ ಉಪ್ಪಿಲ್ಲದ ಬಿಸ್ಕೆಟ್ ಹುಡುಕುತ್ತಾರೆ, ನಮಗೆ ಮಂಡಕ್ಕಿ ಇರುವಾಗ ಆ ಚಿಂತೆ ಯಾಕೆ?

ಸಿಹಿ ಎಷ್ಟಿದೆ ಅಂತ ನಾಲಿಗೆ ಹೇಳುವುದನ್ನು ಪೂರ್ತಿ ನಂಬಬೇಡಿ. ಹುಳಿ ಜಾಸ್ತಿ ಇದ್ದರೆ ಲೀಟರ್‌ಗೆ 20 ಗ್ರಾಂ ಸಕ್ಕರೆ ಇದ್ದರೂ ಡ್ರೈ ಅನ್ನಿಸಬಹುದು. ಗ್ಯಾಸ್ ಕೂಡ ಒಂದಿಷ್ಟು ಹುಳಿಯಾಗಿಯೇ ನಾಲಿಗೆಗೆ ತಾಗುತ್ತದೆ. ಅನುಮಾನ ಇದ್ದರೆ ಸ್ವಲ್ಪ ಸೈಡರನ್ನು ಚಮಚದಲ್ಲಿ ಕಲಕಿ ಗ್ಯಾಸ್ ಬಿಡಿಸಿ ಕುಡಿದು ನೋಡಿ. ಅಡಗಿದ್ದ ಸಿಹಿ ಹೊರಗೆ ಬರುತ್ತದೆ.

ಕೆಟ್ಟದ್ದರ ಗುರುತು

ಹುಳಿ ಇದೆ ಅಂದ ಮಾತ್ರಕ್ಕೆ ಕೆಟ್ಟಿಲ್ಲ. ಆದರೆ ಮೂಗಿಗೆ ವಿನೆಗರ್ ಘಾಟು ಬಡಿದರೆ ಅಥವಾ ನೇಲ್ ಪಾಲಿಶ್ ವಾಸನೆ ಬಂದರೆ ಗಾಳಿ ಹೊಕ್ಕಿದೆ, ಬ್ಯಾಕ್ಟೀರಿಯಾ ಕೆಲಸ ಮಾಡಿದೆ. ಕೊಳೆತ ಮೊಟ್ಟೆಯ ವಾಸನೆ ಗಂಧಕದ್ದು. ಗ್ಲಾಸನ್ನು ಆಡಿಸಿ ಐದು ನಿಮಿಷ ಬಿಟ್ಟರೆ ಎಷ್ಟೋ ಸಲ ಹೋಗಿಬಿಡುತ್ತದೆ, ಆತುರಪಟ್ಟು ಚೆಲ್ಲಬೇಡಿ. ಬೆಣ್ಣೆಯ ವಾಸನೆ ಬಂದರೆ ಅದು ಬೇರೆ ವಿಷಯ. ಚುರುಕಾದ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಮೆತ್ತಗಿನ ಲ್ಯಾಕ್ಟಿಕ್ ಆಮ್ಲ ಮಾಡುವಾಗ ಜೊತೆಗೆ ಬರುವಂಥದ್ದು, ಸ್ವಲ್ಪ ಇದ್ದರೆ ಚೆನ್ನಾಗಿಯೇ ಇರುತ್ತದೆ.

ಎಲ್ಲಕ್ಕಿಂತ ಕಿಲಾಡಿ ದೋಷ ಅಂದರೆ ಇಲಿ ವಾಸನೆ. ಮೂಸಿದರೆ ಏನೂ ಇಲ್ಲ. ಬಾಯಲ್ಲೂ ಏನೂ ಇಲ್ಲ. ನುಂಗಿ ಕೆಲವು ಕ್ಷಣ ಆದ ಮೇಲೆ ಇಲಿ ಓಡಾಡಿದ ಮೂಲೆಯ ವಾಸನೆ ಗಂಟಲಿನಿಂದ ಏಳುತ್ತದೆ. ಸೈಡರ್‌ನ ಹುಳಿಯಲ್ಲಿ ಈ ಪದಾರ್ಥ ಹಾರುವುದಿಲ್ಲ, ಜೊಲ್ಲು ಸೇರಿ ಹುಳಿ ಇಳಿದಾಗ ಹಾರುತ್ತದೆ. ಕೆಲವರಿಗೆ ಇದು ಗೊತ್ತೇ ಆಗುವುದಿಲ್ಲ. ಹಾಗಾಗಿ ಒಬ್ಬರು ಮುಖ ಕೆಡಿಸಿಕೊಂಡು, ಪಕ್ಕದವರು "ಚೆನ್ನಾಗಿದೆಯಲ್ಲ" ಅಂದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಜೊತೆಗೆ ಏನು?

ಮಿರ್ಚಿ ಇಲ್ಲದೆ ನಮ್ಮ ಕಡೆ ಇಂಥ ಕೂಟ ಮುಗಿಯುತ್ತದಾ? ಆದರೆ ಸವಿಯುವುದೆಲ್ಲ ಮುಗಿದ ಮೇಲೆ ತನ್ನಿ. ಖಾರದ ಉರಿಯನ್ನು ಗ್ಯಾಸ್ ಮತ್ತು ಆಲ್ಕೋಹಾಲ್ ಇನ್ನಷ್ಟು ಕೆಣಕುತ್ತವೆ. ಮಿರ್ಚಿಗೆ ಸಿಹಿ ಉಳಿದ ಮಾವಿನ ಸೈಡರ್ ಆದೀತು, ಒಗರು ದಾಳಿಂಬೆಯದ್ದು ಬೇಡ. ಎಣ್ಣೆಗಾಯಿ, ಶೇಂಗಾ ಚಟ್ನಿ, ಜೋಳದ ರೊಟ್ಟಿಗೆ ಡ್ರೈ ಸೈಡರ್ ಒಳ್ಳೆಯ ಜೋಡಿ. ಎಣ್ಣೆಯ ಜಿಡ್ಡನ್ನು ಹುಳಿ ಕತ್ತರಿಸುತ್ತದೆ, ಶೇಂಗಾದ ಮಂದವನ್ನು ಒಗರು ಎತ್ತುತ್ತದೆ.

ಲೇಬಲ್ಲು, ಕಾನೂನು, ಬಿಸಿಲು

ಕೊಳ್ಳುವಾಗ ಲೇಬಲ್ ಓದುವುದು ಒಳ್ಳೆಯದು. ಬ್ರಿಟನ್ನಿನಲ್ಲಿ ಸೈಡರ್ ಅಂತ ಕರೆಸಿಕೊಳ್ಳಲು ಶೇ. 35ರಷ್ಟು ಸೇಬಿನ ರಸ ಇದ್ದರೆ ಸಾಕು, ಉಳಿದದ್ದು ನೀರು, ಸಕ್ಕರೆ ಇರಬಹುದು. ಚಿಕ್ಕ ತಯಾರಕರು ಪೂರ್ತಿ ರಸದಿಂದ ಮಾಡಿದ್ದರೆ ಅದನ್ನು ದೊಡ್ಡದಾಗಿ ಬರೆದುಕೊಂಡಿರುತ್ತಾರೆ. ಅಮೆರಿಕದಲ್ಲಿ ಹಾರ್ಡ್ ಸೈಡರ್‌ನ ಕಡಿಮೆ ತೆರಿಗೆ ಸಿಗುವುದು ಸೇಬು ಮತ್ತು ಪೇರ್ (ಪೇರಲ ಅಲ್ಲ, ಮರಸೇಬು) ಹಣ್ಣಿನದ್ದಕ್ಕೆ ಮಾತ್ರ. ಚೆರ್ರಿಯೋ ದಾಳಿಂಬೆಯೋ ಸೇರಿತು ಅಂದರೆ ಆ ರಿಯಾಯಿತಿ ಹೋಯಿತು. ಹಣ್ಣು ಬೆರೆಸಿದ್ದು ಬೆಲೆಯಲ್ಲಿ ಒಂದು ಕೈ ಮೇಲಿರಲು ಹಣ್ಣಿನ ಖರ್ಚಿನ ಜೊತೆಗೆ ಇದೂ ಒಂದು ಕಾರಣ.

"ನಮ್ಮ ಹೊಲದಾಗ ಸೀಳಿದ ದಾಳಿಂಬೆ ಇಷ್ಟು ಬೀಳ್ತಾವ, ನಾವೇ ಯಾಕೆ ಮಾಡಬಾರದು" ಅನ್ನುವ ಮಾತು ಪ್ರತಿ ಕೂಟದಲ್ಲೂ ಬರುತ್ತದೆ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ, ಮನೆ ಮಟ್ಟಿಗೆ ಅಂದರೂ ಬಿಡುವುದಿಲ್ಲ. ಅದೂ ಅಲ್ಲದೆ, ಸೀಳಿದ ಹಣ್ಣಿನೊಳಗೆ ಬೂಷ್ಟು ಹತ್ತಿರುತ್ತದೆ. ಹೊರಗೆ ಚೆನ್ನಾಗಿ ಕಂಡು ಒಳಗೆ ಕಪ್ಪಾಗಿರುವ ಹಣ್ಣನ್ನು ದಾಳಿಂಬೆ ಬೆಳೆದವರೆಲ್ಲ ಕಂಡಿದ್ದಾರೆ. ಅಂಥದ್ದು ನಾಲ್ಕು ಸೇರಿದರೆ ಇಡೀ ಪೀಪಾಯಿ ಹಾಳು. ಕುಡಿದ ಮೇಲೆ ಬೈಕ್ ಮುಟ್ಟಬೇಡಿ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು, ಹಣ್ಣಿನ ರಸದಂತೆ ಇಳಿಯುವ ಸೈಡರ್ ಅದನ್ನು ಬೇಗ ದಾಟಿಸುತ್ತದೆ.

ಕೊನೆಗೆ ಬಾಟಲಿ ಇಡುವ ಜಾಗ. ಕ್ರಾಫ್ಟ್ ಸೈಡರ್, ಅಂದರೆ ಚಿಕ್ಕ ತಯಾರಕರ ಸೈಡರ್‌ಗಳಲ್ಲಿ ಕೆಲವನ್ನು ಬಿಸಿ ಮಾಡಿರುವುದಿಲ್ಲ, ಸೋಸಿರುವುದೂ ಇಲ್ಲ. ತಳದಲ್ಲಿ ಬಿಳಿ ಗಸಿ ಕಂಡರೆ ಈಸ್ಟ್ ಇನ್ನೂ ಬದುಕಿರಬಹುದು. ಅದಕ್ಕೆ ಸ್ವಲ್ಪ ಸಿಹಿ ಸಿಕ್ಕಿ, ಜೊತೆಗೆ ನಮ್ಮ 42 ಡಿಗ್ರಿ ಬಿಸಿಲೂ ಸಿಕ್ಕರೆ ಮುಚ್ಚಿದ ಬಾಟಲಿಯೊಳಗೇ ಮತ್ತೆ ಹುದುಗಲು ಶುರು. ಗ್ಯಾಸ್ ಹೋಗಲು ದಾರಿ ಇಲ್ಲ, ಗಾಜು ಒಡೆಯುತ್ತದೆ. ಹಾಗಾಗಿ ಬೆಂಗಳೂರಿನಿಂದ ಕಾರಿನ ಡಿಕ್ಕಿಯಲ್ಲಿ ತರುವವರು ಐಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬನ್ನಿ, ಮನೆ ಮುಟ್ಟಿದ ಕೂಡಲೇ ಫ್ರಿಜ್‌ಗೆ ನೆಟ್ಟಗೆ ನಿಲ್ಲಿಸಿ. ಒಂದು ದಿನ ತಂಪಾಗಲು ಬಿಡಿ, ಗಸಿ ಕೆಳಗೆ ಕೂರುತ್ತದೆ. ತೆಗೆಯುವಾಗ ಮುಖದಿಂದ ದೂರ, ಸಿಂಕ್ ಮೇಲೆ ಹಿಡಿದು, ಮುಚ್ಚಳವನ್ನು ಒಂದೇ ಸಲ ಎತ್ತದೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ.